ಮಳೆ ಪುಸ್ತಕ ಕಂಪ್ಯೂಟರಿಗೆ: ಟರ್ಮಿನಲ್ ಕೆಲಸ ಎಲ್ಲಿಗೆ ಬಂತು

ನಾಪೋಕ್ಲು ಸಮೀಪದ ನಮ್ಮ ಕಾಫಿ ತೋಟದ, ಮಳೆಯ ಅಳತೆ ಬರೆದಿಟ್ಟ ಮಳೆ ಪುಸ್ತಕಗಳನ್ನು ವರ್ಷಕ್ಕೊಂದು ಫೈಲಿನಂತೆ ಲಿನಕ್ಸ್ ಕಂಪ್ಯೂಟರಿಗೆ ಏರಿಸುವ ಕೆಲಸದಲ್ಲಿ 2018, 2019 ಮತ್ತು 2020ರ ಪುಟಗಳು ಮುಗಿದಿವೆ. ಭೂಕುಸಿತಗಳಿಂದಾಗಿ ಕೊಡಗಿನವರು ಮರೆಯಲಾಗದ ಆ ಮೂರು ಆಗಸ್ಟ್ ತಿಂಗಳುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕೆಂದು ಅವನ್ನೇ ಮೊದಲು ಕೈಗೆತ್ತಿಕೊಂಡೆ. ಅಂಕಿಗಳನ್ನು ತುಂಬುವುದು ಕಷ್ಟವಲ್ಲ. ಇಂಚಿಗೆ ನೂರು ಸೆಂಟ್ ಆದ್ದರಿಂದ 2 ಇಂಚು 35 ಸೆಂಟನ್ನು 2.35 ಎಂದು ಬರೆದು, 25.4ರಿಂದ ಗುಣಿಸಿದರೆ ಮಿಲಿಮೀಟರ್ ಲೆಕ್ಕ ಸಿಗುತ್ತದೆ. ಬೇಸರ ತರಿಸುವುದು ಟರ್ಮಿನಲ್ಲಿನಲ್ಲಿ, ಎಂದರೆ ಕಮಾಂಡುಗಳನ್ನು ಬರೆದು ಕೊಡುವ ಕಿಟಕಿಯಲ್ಲಿ, ಒಂದೇ ಬಗೆಯ ಕಮಾಂಡುಗಳನ್ನು ಮತ್ತೆ ಮತ್ತೆ ಟೈಪ್ ಮಾಡುವ ಕೆಲಸ. ಈ ಸಲ ಅದನ್ನು ಹಗುರ ಮಾಡಿಕೊಂಡೆ.

ಮೊದಲು ಹಿಸ್ಟರಿಯನ್ನು, ಎಂದರೆ ಈವರೆಗೆ ಕೊಟ್ಟ ಕಮಾಂಡುಗಳ ಪಟ್ಟಿಯನ್ನು, ಭದ್ರಪಡಿಸಬೇಕಾಯಿತು. ಟರ್ಮಿನಲ್ಲಿನಲ್ಲಿ ಕಮಾಂಡುಗಳನ್ನು ನಡೆಸುವ ಬ್ಯಾಶ್ ಎಂಬ ಪ್ರೋಗ್ರಾಂ ನಾವು ಕೊಟ್ಟ ಕಮಾಂಡುಗಳನ್ನು ಮೆಮೊರಿಯಲ್ಲಿ ಇಟ್ಟುಕೊಂಡು, ಟರ್ಮಿನಲ್ಲಿನಿಂದ ಸರಿಯಾಗಿ ಹೊರಬಂದಾಗ ಮಾತ್ರ ಫೈಲಿಗೆ ಬರೆಯುತ್ತದೆ. ಗಾಳಿಗೆ ಮರ ಬಿದ್ದು ಕರೆಂಟ್ ಹೋಗುವುದು ನಿತ್ಯದ ಮಾತಾಗಿರುವ ನಮ್ಮ ಮಳೆಗಾಲಕ್ಕೆ ಈ ಏರ್ಪಾಡು ಒಗ್ಗುವುದಿಲ್ಲ. ಆದ್ದರಿಂದ ಪ್ರತಿ ಪ್ರಾಂಪ್ಟಿಗೂ (ಮುಂದಿನ ಕಮಾಂಡಿಗೆ ಕಾಯುವ ಸಾಲಿಗೂ) ಮುನ್ನ ತಾನಾಗಿ ನಡೆಯುವ ‘ಪ್ರಾಂಪ್ಟ್ ಕಮಾಂಡ್’ ವೇರಿಯಬಲ್ಲಿನಲ್ಲಿ ‘ಹಿಸ್ಟರಿ’ ಕಮಾಂಡನ್ನು, ಕೊಟ್ಟದ್ದನ್ನು ಆಗಿಂದಾಗ್ಗೆ ಫೈಲಿಗೆ ಸೇರಿಸುವ ಹೈಫನ್-ಎ ಆಯ್ಕೆಯೊಂದಿಗೆ ಇರಿಸಿದ್ದೇನೆ. ಬ್ಯಾಶ್ ತಾನಾಗಿ ನೆನಪಿಡುವ 500 ಸಾಲುಗಳ ಮಿತಿಯನ್ನೂ ತೆಗೆದಿದ್ದೇನೆ.

2018ರ ಆಗಸ್ಟ್ ಮೊತ್ತ ತೆಗೆಯಲು ಬಳಸುವ, ಫೈಲನ್ನು ಸಾಲು ಸಾಲಾಗಿ ಓದಿ ಲೆಕ್ಕ ಹಾಕುವ ಆಕ್ (awk) ಕಮಾಂಡಿನಲ್ಲಿ ಇಸವಿ ಎರಡು ಕಡೆ ಬರುತ್ತದೆ: ಓದಬೇಕಾದ ಫೈಲಿನ ಹೆಸರಿನಲ್ಲಿ ಒಮ್ಮೆ, ಉತ್ತರವನ್ನು ಉಳಿಸುವ ಫೈಲಿನ ಹೆಸರಿನಲ್ಲಿ ಇನ್ನೊಮ್ಮೆ. ಕ್ಯಾರೆಟ್ ಚಿಹ್ನೆ (^), 2018, ಮತ್ತೆ ಕ್ಯಾರೆಟ್, 2019 ಎಂದು ಬರೆದು ಎಂಟರ್ ಒತ್ತಿದರೆ ಹಿಂದಿನ ಕಮಾಂಡ್ ತಿದ್ದುಪಡಿಯೊಂದಿಗೆ ಓಡುತ್ತದೆ ಎಂಬುದನ್ನು ಬಹಳ ಮಂದಿ ಬಲ್ಲರು; ಆದರೆ ಅದು ಮೊದಲು ಸಿಕ್ಕ ಇಸವಿಯನ್ನಷ್ಟೇ ಬದಲಿಸುವುದರಿಂದ 2019ರ ಮೊತ್ತ 2018ರ ಹೆಸರಿನ ಫೈಲಿಗೆ ಹೋಗಿ ಕೂರುತ್ತದೆ. ಎರಡೂ ಕಡೆ ಬದಲಾಗಬೇಕಾದರೆ ಎರಡು ಆಶ್ಚರ್ಯಸೂಚಕ ಚಿಹ್ನೆ, ಕೋಲನ್, ‘ಜಿಎಸ್’ ಅಕ್ಷರಗಳು, ಬಳಿಕ ಓರೆಗೆರೆಗಳ ನಡುವೆ ಹಳೆಯ ಮತ್ತು ಹೊಸ ಇಸವಿ ಎಂಬ ಕ್ರಮದಲ್ಲಿ ಬರೆಯಬೇಕು.

ಹಳೆಯ ಕಮಾಂಡನ್ನು ಹುಡುಕಲು ಕಂಟ್ರೋಲ್-ಆರ್ ಒತ್ತಿ ಒಂದೆರಡು ಅಕ್ಷರ ಕೊಟ್ಟರೆ ಸಾಕು. ಮತ್ತೆ ಒತ್ತಿದಂತೆಲ್ಲ ಇನ್ನೂ ಹಿಂದಿನದು ಬರುತ್ತದೆ. ಅವಸರದಲ್ಲಿ ದಾಟಿ ಹೋದರೆ ಕಂಟ್ರೋಲ್-ಎಸ್ ಮುಂದಕ್ಕೆ ತರಬೇಕು, ಆದರೆ ಸಾಮಾನ್ಯವಾಗಿ ಅದು ಪರದೆಯನ್ನೇ ನಿಲ್ಲಿಸಿಬಿಡುತ್ತದೆ. ಟೆಲಿಟೈಪ್ ಯಂತ್ರಗಳ ಕಾಲದಿಂದ ಬಂದ ಈ ಪದ್ಧತಿ ಇಂದಿಗೂ ಏಕೆ ಉಳಿದಿದೆಯೋ! ಕಂಟ್ರೋಲ್-ಕ್ಯೂ ಒತ್ತಿದರೆ ಪರದೆ ಮತ್ತೆ ಚಲಿಸುತ್ತದೆ. ‘ಎಸ್‌ಟಿಟಿವೈ’ ಕಮಾಂಡಿನ ಮೂಲಕ ಆ ತಡೆಯನ್ನೇ ತೆಗೆದುಹಾಕಿದ್ದೇನೆ.

ನನಗೆ ಅತ್ಯಂತ ಹಿಡಿಸಿದ್ದು ಕಂಟ್ರೋಲ್-ಓ. ಪುಟಗಳನ್ನು ಸೇರಿಸಿದಾಗಲೆಲ್ಲ ಖಾಲಿ ಸಾಲುಗಳನ್ನು ತೆಗೆಯುವುದು, ತಿಂಗಳವಾರು ಕೂಡುವುದು, ಗ್ರಾಫ್ ಬಿಡಿಸುವುದು ಎಂಬ ಮೂರು ಕಮಾಂಡುಗಳು ಅದೇ ಕ್ರಮದಲ್ಲಿ ನಡೆಯಬೇಕು. ಮೊದಲನೆಯದನ್ನು ಕಂಟ್ರೋಲ್-ಆರ್ ಮೂಲಕ ಹುಡುಕಿ, ಎಂಟರ್ ಬದಲು ಕಂಟ್ರೋಲ್-ಓ ಒತ್ತಿದರೆ ಆ ಕಮಾಂಡ್ ಓಡಿ, ಹಿಸ್ಟರಿಯಲ್ಲಿ ಅದರ ಮುಂದಿನದು ಪ್ರಾಂಪ್ಟಿನಲ್ಲಿ ಸಿದ್ಧವಾಗಿ ನಿಲ್ಲುತ್ತದೆ. ಹೀಗೆ ಮೂರು ಸಲ ಒತ್ತುವಷ್ಟರಲ್ಲಿ ಗ್ರಾಫ್ ತಯಾರು. ಹಿಸ್ಟರಿಯಲ್ಲಿನ ಹಳೆಯ ನಕಲುಗಳನ್ನೆಲ್ಲ ಅಳಿಸುವ ಆಯ್ಕೆಯನ್ನು ನಾನು ಬಳಸದಿರುವುದೂ ಇದೇ ಕಾರಣಕ್ಕೆ, ಏಕೆಂದರೆ ಅದು ಈ ಕ್ರಮವನ್ನೇ ಕದಡುತ್ತದೆ. ಒಂದರ ಹಿಂದೊಂದು ಬರುವ ನಕಲುಗಳನ್ನು ಮಾತ್ರ ಬಿಡಿಸಿದ್ದೇನೆ.

ಸಾಲಿನೊಳಗೆ ಓಡಾಡಲು ಆರಂಭಕ್ಕೆ ಕಂಟ್ರೋಲ್-ಎ, ಕೊನೆಗೆ ಕಂಟ್ರೋಲ್-ಇ, ಹಿಂದಿನ ಪದ ಅಳಿಸಲು ಕಂಟ್ರೋಲ್-ಡಬ್ಲ್ಯು, ಅಳಿಸಿದ್ದನ್ನು ಮರಳಿ ತರಲು ಕಂಟ್ರೋಲ್-ವೈ ಸಾಕು. ಹಿಂದಿನ ಕಮಾಂಡಿನ ಕೊನೆಯ ಪದವನ್ನು, ಎಂದರೆ ನನ್ನ ಮಟ್ಟಿಗೆ ಫೈಲಿನ ಹೆಸರನ್ನು, ಆಲ್ಟ್ ಮತ್ತು ಚುಕ್ಕಿ ಎತ್ತಿ ತರುತ್ತದೆ. ಆಲ್ಟ್ ಕೀಲಿಗೆ ಟರ್ಮಿನಲ್ ಮೆನು ತೆರೆದುಕೊಳ್ಳುವುದಾದರೆ ಎಸ್ಕೇಪ್ ಒತ್ತಿ ಬಿಟ್ಟು ಚುಕ್ಕಿ ಒತ್ತಬಹುದು. ಈ ಕೀಲಿಗಳೆಲ್ಲ, ಟೈಪ್ ಮಾಡುವ ಸಾಲನ್ನು ತಿದ್ದಲು ಬ್ಯಾಶ್ ಬಳಸುವ ರೀಡ್‌ಲೈನ್ ಲೈಬ್ರರಿಯವು.

ಮುಂದಿನದು ಕಾಫಿ ಹೂ ಅರಳಿಸುವ ಹೂಮಳೆಗೂ, ಬಳಿಕ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆಗೂ ನಡುವಿನ ದಿನಗಳನ್ನು ಎಣಿಸುವ ಕೆಲಸ. ಆ ಕಮಾಂಡ್ ಒಂದು ಸಾಲಿಗೆ ಹಿಡಿಯದಷ್ಟು ಉದ್ದವಾಗುವುದರಿಂದ ಕಂಟ್ರೋಲ್-ಎಕ್ಸ್, ಕಂಟ್ರೋಲ್-ಇ ಒತ್ತಿ ಎಡಿಟರಿನಲ್ಲಿ ಬರೆಯತೊಡಗಿದ್ದೇನೆ. ಎಡಿಟರಿನಿಂದ ಹೊರಬಂದೊಡನೆ ಕಮಾಂಡ್ ಓಡಿಯೇ ಬಿಡುವ ಕಾರಣ, ಬೇಡವೆನಿಸಿದಾಗ ಬರೆದದ್ದನ್ನೆಲ್ಲ ಅಳಿಸಿ, ಖಾಲಿ ಫೈಲನ್ನು ಸೇವ್ ಮಾಡಿ ಹೊರಬರಬೇಕಾಗುತ್ತದೆ.