ಜ್ವರದ ರಜೆಯ ನಷ್ಟ ಹಾಜರಿ ಪುಸ್ತಕದಲ್ಲಿ ಸಿಗುವುದಿಲ್ಲ

ಕುಮಟಾ, ಅಂಕೋಲಾ ಕಡೆಯ ಗೇರುಬೀಜ ಕಾರ್ಖಾನೆಗಳಲ್ಲಿ ಮಳೆ ಹಿಡಿಯಿತೆಂದರೆ ಜ್ವರದ ರಜೆಯೂ ಹಿಡಿಯಿತು ಎಂದೇ ಅರ್ಥ. ಒಬ್ಬಳು ಬರದಿದ್ದರೆ ಒಂದು ದಿನದ ಕೂಲಿ ಉಳಿಯಿತು ಅನ್ನುವ ಮಾಲೀಕರು ಈಗಲೂ ಇದ್ದಾರೆ. ಅವರು ಸಿಪ್ಪೆ ಸುಲಿಯುವ ಮೇಜಿನ ಹತ್ತಿರ ಹೋಗಿ ನೋಡಬೇಕು.

ಬೋರ್ಮಾದಲ್ಲಿ, ಅಂದರೆ ಬಿಸಿಗಾಳಿಯ ಒಣಗಿಸುವ ಗೂಡಿನಲ್ಲಿ, ಒಣಗಿಸಿದ ತಿರುಳನ್ನು ಕೆಂಪು ಸಿಪ್ಪೆ ಗರಿಗರಿಯಾಗಿರುವಾಗಲೇ ಸುಲಿಯಬೇಕು. ಸುಲಿಯುವ ಕೈ ಕಡಿಮೆಯಾಗಿ ಆಷಾಢದ ಗಾಳಿಗೆ ಬಿಟ್ಟರೆ ತೇವ ಎಳೆದುಕೊಂಡು ಸಿಪ್ಪೆ ಮತ್ತೆ ಅಂಟುತ್ತದೆ. ಚಾಕುವಿನಿಂದ ಕೆರೆದರೆ ಬೀಜಕ್ಕೆ ಗಾಯ, ಒತ್ತಿದರೆ ಹೋಳು. ಪುನಃ ಬೋರ್ಮಾಕ್ಕೆ ಹಾಕಿದರೆ ಬಣ್ಣ ಕೆಡುತ್ತದೆ. ಪೌಂಡಿಗೆ 300–320 ಇಡಿ ಬೀಜ ತೂಗಬೇಕಾದ ಮಾಲು ಹೋಳಿನ ದರಕ್ಕೆ ಹೋಗುವುದು ಹೀಗೆ. ಪಳಗಿದ ಕೈಯ ಜಾಗಕ್ಕೆ ಹೊಸಬರನ್ನು ಕೂರಿಸಿದರೂ ಇದೇ ಕತೆ. ಎರಡು ಕಿಲೋ ಹೆಚ್ಚು ಹೋಳಾಯಿತು, ಕಿಲೋಗೆ ನೂರು ರೂಪಾಯಿ ಅಂತರ ಎಂದಿಟ್ಟುಕೊಳ್ಳಿ, 200 ರೂಪಾಯಿ ಅಲ್ಲೇ ಹೋಯಿತು. ಉಳಿದವರನ್ನು ಓಟಿಗೆ (ಹೆಚ್ಚುವರಿ ಅವಧಿಯ ಕೆಲಸಕ್ಕೆ) ಕೂರಿಸಿದರೆ ಕೂಲಿ ದುಪ್ಪಟ್ಟು.

ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಇದೆಯಲ್ಲ ಅನ್ನಬಹುದು. ದಿನಕ್ಕೆ 500ರಂತೆ ತಿಂಗಳಿಗೆ 13,000 ದುಡಿಯುವವರಿಗೆ ಮಾಲೀಕರ ಪಾಲು 3.25%, ಅಂದರೆ 422 ರೂಪಾಯಿ 50 ಪೈಸೆ, ಕೆಲಸಗಾರರದ್ದು 0.75%. ಕಾಯಿಲೆ ಬಿದ್ದರೆ ಕೂಲಿಯ 70%, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಆದರೆ ಸಾಮಾನ್ಯವಾಗಿ ಮೊದಲ ಎರಡು ದಿನಕ್ಕೆ ಏನೂ ಇಲ್ಲ, ಹಣ ಮೂರನೇ ದಿನದಿಂದ. ಎಲ್ಲ ಕೆಡುವುದು ಇಲ್ಲೇ. ಆ ಎರಡು ದಿನದ ಕೂಲಿ ತಪ್ಪುತ್ತದೆಂದು ಮಾತ್ರೆ ನುಂಗಿ ಕೆಲಸಕ್ಕೆ ಬರುತ್ತಾರೆ, ಮೊಣಕೈಗೆ ಮೊಣಕೈ ತಾಗುವಂತೆ ಕೂತು ಸುಲಿಯುತ್ತಾರೆ, ವಾರದೊಳಗೆ ಇಡೀ ಸಾಲು ಮಲಗುತ್ತದೆ.

ಆ ಎರಡು ದಿನದ ಕೂಲಿಯನ್ನು ಕಾರ್ಖಾನೆಯೇ ಕೊಡಲಿ. ಸಾವಿರ ರೂಪಾಯಿ, ಅಷ್ಟೇ. ಬದಲಿಗೆ ಕೆಲಸಗಾರರಿಂದ ಒಂದು ಮಾತು ತೆಗೆದುಕೊಳ್ಳಿ: ಬರಲಾಗದಿದ್ದರೆ ಬೋರ್ಮಾ ತುಂಬುವ ಮೊದಲೇ ಫೋನು ಮಾಡಬೇಕು. ಇಬ್ಬರು ಕಡಿಮೆ ಎಂದು ಮೊದಲೇ ಗೊತ್ತಾದರೆ ಅಷ್ಟು ಟ್ರೇ ಕಡಿಮೆ ಹಾಕಬಹುದು. ತಿರುಳು ತೇವ ಕುಡಿದು ಕೂರುವುದಿಲ್ಲ.

ಬೀಜ ಒಡೆಯುವ ವಿಭಾಗದ ತೊಂದರೆ ಬೇರೆ. ತೊಗಟೆಯ ಎಣ್ಣೆ ತಾಗಿ ಬೆರಳು ಸುಟ್ಟು ಚರ್ಮ ಏಳುತ್ತದೆ. ಕಿಲೋ ಲೆಕ್ಕದಲ್ಲಿ ಕೂಲಿಯಾದ್ದರಿಂದ ಕೈಗವಸು ಹಾಕಿದರೆ ವೇಗ ಹೋಗುತ್ತದೆಂದು ತೆಗೆದಿಡುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಕೈಗವಸಿಗೆ ತಕ್ಕಂತೆ ದರ ಏರಿಸಿ, ಹರಳೆಣ್ಣೆ, ಬೂದಿ ಮೇಜಿನ ಮೇಲೇ ಇಡಿ.

ಇನ್ನೊಂದನ್ನು ಕಡ್ಡಾಯವಾಗಿ ನೋಡಿಕೊಳ್ಳಿ. ಏಪ್ರಿಲ್‌ನಿಂದ ಸೆಪ್ಟೆಂಬರ್ ನಡುವೆ 78 ದಿನದ ವಂತಿಗೆ ತುಂಬದವರಿಗೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಇಎಸ್‌ಐ ಕಾಯಿಲೆ ಹಣ ಸಿಗುವುದಿಲ್ಲ. ಕಚ್ಚಾ ಬೀಜ ಸಾಲದೆ ಕೆಲಸ ನಿಲ್ಲಿಸುವ ಮುಂಚೆ ಯಾರದ್ದು ಎಷ್ಟು ದಿನವಾಗಿದೆ ಎಂದು ಆಗಸ್ಟ್ ಕೊನೆಗೇ ಎಣಿಸಿ, 70ರ ಆಸುಪಾಸಿನಲ್ಲಿರುವವರಿಗೆ ಮೊದಲು ಕೆಲಸ ಕೊಡಿ.