ಸಾಣೆಕಲ್ಲಿನ ಊರಿನಲ್ಲಿ ಒಂದು ಶನಿವಾರ

ಬೆಂಗಳೂರಿನ ರಿಚ್ಮಂಡ್ ಟೌನಿನ ಬಾಲ್ಡ್ವಿನ್ ಶಾಲೆಯಲ್ಲಿ ಹತ್ತು ವರ್ಷ ಓದಿದ ನಾನು, ಆ ಬಾಲ್ಡ್ವಿನ್ ಯಾರೆಂದು ಒಮ್ಮೆಯೂ ಕೇಳಿದವನಲ್ಲ. ಗಡ್ಡದ ಪಾದ್ರಿಯೊಬ್ಬನಿರಬೇಕು ಎಂದುಕೊಂಡಿದ್ದೆ. ಆತ ಕಲ್ಲುಗಣಿಯ ಯಜಮಾನನೆಂದು ತಿಳಿದದ್ದು, ಅಕ್ಕನ ಮಗಳು ಅಮೆರಿಕದ ಓಹಾಯೋ ರಾಜ್ಯದ ಬೆರಿಯಾ ಎಂಬ ಸಣ್ಣ ಊರಿನ ಕಾಲೇಜಾದ ಬಾಲ್ಡ್ವಿನ್ ವಾಲೇಸ್‌ಗೆ ಸಂಗೀತ ಓದಲು ಸೇರಿದ ಮೇಲೆಯೇ. ಅವಳ ಎರಡನೆಯ ವರ್ಷದ ಏಪ್ರಿಲ್‌ನಲ್ಲಿ, ಜರ್ಮನ್ ಸಂಗೀತಕಾರ ಬಾಖ್‌ನ ಹೆಸರಿನಲ್ಲಿ ಅಲ್ಲಿ ನಡೆಯುವ ಉತ್ಸವದಲ್ಲಿ ಅವಳು ವೃಂದದೊಡನೆ ಹಾಡುವವಳಿದ್ದ ಶನಿವಾರ, ಅದೇ ರಾಜ್ಯದ ಕೊಲಂಬಸ್ಸಿನಿಂದ ಎರಡು ಗಂಟೆ ಕಾರು ಓಡಿಸಿಕೊಂಡು ಹೋದೆ. ಪಕ್ಕದ ಸೀಟಿನಲ್ಲಿ ಒಂದು ಸ್ಟೀಲ್ ಡಬ್ಬಿ ತುಂಬ ಪುಳಿಯೋಗರೆ ಇತ್ತು.

ಆವರಣಕ್ಕೆ ಕಾಂಪೌಂಡೇ ಇಲ್ಲ. ಊರಿನ ಬೀದಿಗಳು ಕಾಲೇಜಿನ ನಡುವೆಯೇ ಹಾದುಹೋಗುತ್ತವೆ. 1845ರಲ್ಲಿ ಜಾನ್ ಬಾಲ್ಡ್ವಿನ್ ಕಟ್ಟಿದ ಶಾಲೆಯೂ, ಪಕ್ಕದಲ್ಲೇ ಇದ್ದ ಮೆಥಡಿಸ್ಟ್ ಎಂಬ ಪ್ರೊಟೆಸ್ಟಂಟ್ ಪಂಗಡದ ಜರ್ಮನ್ನರ ವಾಲೇಸ್ ಕಾಲೇಜೂ 1913ರಲ್ಲಿ ಒಂದಾದವು. 2012ರಿಂದ ಹೆಸರಿನಲ್ಲಿ ಯೂನಿವರ್ಸಿಟಿ ಎಂದಿದೆಯಾದರೂ ಮಕ್ಕಳ ಬಾಯಲ್ಲಿ ಅದು ಬರೀ 'ಬಿ ಡಬ್ಲ್ಯೂ'.

"ಮಾವ, ನಿಮ್ಮ ಶಾಲೆಯ ದುಡ್ಡು ಎಲ್ಲಿಂದ ಬಂತು ತೋರಿಸ್ತೀನಿ ಬನ್ನಿ" ಎಂದು ಅವಳು ಕರೆದೊಯ್ದದ್ದು ಒಂದು ಕೆರೆಯ ದಂಡೆಗೆ. ಅದು ಕೆರೆಯಲ್ಲ, ನೀರು ತುಂಬಿಕೊಂಡ ಹಳೆಯ ಕಲ್ಲುಗಣಿ. ಬಾಲ್ಡ್ವಿನ್ ತನ್ನ ಜಮೀನಿನಲ್ಲಿ ಸಿಕ್ಕ ಮರಳುಗಲ್ಲನ್ನು ದುಂಡಗೆ ಕಡೆಯುವ ಯಂತ್ರ ಮಾಡಿಸಿ ಸಾಣೆಕಲ್ಲು ಮಾರಿದ; ಆ ಹಣದಲ್ಲಿ ಈ ಕಾಲೇಜು ಎದ್ದಿತು, 1880ರಲ್ಲಿ ಶುರುವಾದ ಬೆಂಗಳೂರಿನ ಮೆಥಡಿಸ್ಟರ ಶಾಲೆಗೂ ಅದರಲ್ಲೇ ಒಂದು ಪಾಲು ಬಂದು, ಅವನ ಹೆಸರು ನಿಂತಿತು. ಅಲಂಕಾರಕ್ಕೆಂದು ಒರಗಿಸಿಟ್ಟ, ನನ್ನ ಸೊಂಟದೆತ್ತರದ ಒಂದು ಸಾಣೆಕಲ್ಲಿನ ಮೇಲೆ ಅಂಗೈ ಆಡಿಸಿದೆ. ಸಣ್ಣ ರವೆಯಂಥ ತರಿ. ನಾವು ಶಾಲೆಗೆ ಹೊರಡುವ ಹೊತ್ತಿಗೆ "ಚಾಕು, ಕತ್ರಿ, ಸಾಣೇ" ಎಂದು ಕೂಗುತ್ತ ಬೀದಿಗೆ ಬರುತ್ತಿದ್ದವನು ಸ್ಟ್ಯಾಂಡ್ ಹಾಕಿದ ಸೈಕಲ್ಲಿನ ಪೆಡಲ್ ತುಳಿದು ಹಾರಿಸುತ್ತಿದ್ದ ಕಿಡಿಗಳು ನೆನಪಾದವು.

ಮೆಥಡಿಸ್ಟರು ಕಟ್ಟಿದ ಕಾಲೇಜೆಂದರೆ ದಿನಾ ಚರ್ಚಿಗೆ ಕಳಿಸುತ್ತಾರೇನೋ ಎಂದು ಅಕ್ಕ ಮೊದಲಿಗೆ ಹೆದರಿದ್ದಳು. ಅಂಥ ಕಟ್ಟುಪಾಡೇನೂ ಇಲ್ಲ. ಅವಳ ಕೋಣೆಯ ಮೇಜಿನ ಮೇಲೆ ಗಣಪತಿ, ಎದುರು ಗೋಡೆಗೆ ಜೋಳದ ಹೊಲಗಳ ಕಡೆಯಿಂದ ಬಂದ ಸಹವಾಸಿಯ ಶಿಲುಬೆ. ಇಬ್ಬರ ಜಗಳವೇನಿದ್ದರೂ ಕಿಟಕಿ ತೆರೆದಿರಬೇಕೋ ಮುಚ್ಚಿರಬೇಕೋ ಎಂಬುದಷ್ಟೇ. ದೊಡ್ಡ ಕಾಲೇಜಿನಲ್ಲಿ ಓದಿದ ನನಗೆ ಹೊಟ್ಟೆಕಿಚ್ಚಾದದ್ದು ಬೇರೊಂದು ವಿಷಯಕ್ಕೆ. ದಾರಿಯಲ್ಲಿ ಎದುರಾದ ಮೇಷ್ಟರೊಬ್ಬರು ಅವಳನ್ನು ಹೆಸರು ಹಿಡಿದು ನಿಲ್ಲಿಸಿ, ನೆಗಡಿ ವಾಸಿಯಾಯಿತೇ ಎಂದು ಕೇಳಿದರು. ನನ್ನ ಮೇಷ್ಟರುಗಳಿಗೆ ನಾನು ಕೊನೆಯವರೆಗೂ ಒಂದು ರೋಲ್ ನಂಬರಾಗಿಯೇ ಉಳಿದಿದ್ದೆ. ಆದರೆ ಇಷ್ಟು ಸಣ್ಣ ಜಾಗದಲ್ಲಿ ಒಂದು ಕ್ಲಾಸು ತಪ್ಪಿಸಿದರೂ ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ ಎಂಬುದು ಅವಳ ದೂರು.

ಬಾಖ್‌ನ ನಾಲ್ಕು ದೊಡ್ಡ ಕೃತಿಗಳನ್ನು ವರ್ಷಕ್ಕೊಂದರಂತೆ ಸರದಿಯಲ್ಲಿ ಹಾಡುವುದು 1932ರಲ್ಲಿ ಆರಂಭವಾದ ಈ ಉತ್ಸವದ ಪದ್ಧತಿ. ನಾಲ್ಕು ವರ್ಷ ಓದುವ ವಿದ್ಯಾರ್ಥಿಗೆ ನಾಲ್ಕೂ ದಕ್ಕಲಿ ಎಂಬ ಲೆಕ್ಕಾಚಾರವದು. ಆ ಸಲ ಅವುಗಳಲ್ಲೊಂದಾದ, ಚರ್ಚಿನ ಪೂಜೆಯ ಲ್ಯಾಟಿನ್ ಮಾತುಗಳಿಗೆ ರಾಗ ಹಾಕಿದ ಬಿ ಮೈನರ್ ಮಾಸ್. ಲ್ಯಾಟಿನ್ನಿನ ಒಂದಕ್ಷರವೂ ತಿಳಿಯದ ನಾನು ಮೂರನೆಯ ಸಾಲಿನ ಕಪ್ಪು ಉಡುಗೆಗಳ ನಡುವೆ ಅವಳನ್ನು ಹುಡುಕಿಕೊಂಡು, ಸಾಲುಗಟ್ಟಿ ತೆರೆದುಕೊಳ್ಳುತ್ತಿದ್ದ ಬಾಯಿಗಳಲ್ಲಿ ಅವಳದನ್ನಷ್ಟೇ ನೋಡುತ್ತ ಕುಳಿತೆ. ಪದ ಮರೆತಾಗ ಕೆಳತುಟಿ ಕಚ್ಚುವ ಅಭ್ಯಾಸ ಅವಳಿಗೆ ಚಿಕ್ಕಂದಿನಿಂದಲೂ ಇದೆ. ಅಂದು ಒಂದೇ ಒಂದು ಸಲ ಕಚ್ಚಿದಳು.

ಹೊರಡುವಾಗ ತೊಳೆದ ಡಬ್ಬಿಯನ್ನು ಕೈಗಿತ್ತಳು. ಪುಳಿಯೋಗರೆಯಲ್ಲಿ ಅರ್ಧ ಸಹವಾಸಿಯ ಪಾಲಾಗಿತ್ತಂತೆ. ಕಾರಿನಲ್ಲಿಡುವಾಗ ಒಳಗೆ ಏನೋ ಗಡಗಡ ಎಂದಿತು. ತೆರೆದರೆ ಹೆಬ್ಬೆಟ್ಟಿನ ಗಾತ್ರದ ಮರಳುಗಲ್ಲಿನ ಚೂರು.

"ಅಮ್ಮನಿಗೆ ಕಳಿಸಿ ಮಾವ. ಈಳಿಗೆಮಣೆ ಮೊಂಡಾಗಿದೆ ಅಂತ ಗೊಣಗ್ತಿದ್ಲು."