ಮೂರು ಗಂಟೆಗೊಮ್ಮೆ ಎಚ್ಚರವಾಗುತ್ತಿದ್ದ ಅಜ್ಜಿ

ಕೋಲಾರಕ್ಕೆ ಫೋನು ಮಾಡಿದಾಗಲೆಲ್ಲ ನಮ್ಮ ಸೋದರತ್ತೆ ಒಂದು ಪ್ರಶ್ನೆಯನ್ನು ಕೇಳದೆ ಬಿಡುವುದಿಲ್ಲ: ‘ಅಲ್ಲಿಯವರು ವಯಸ್ಸಾದವರನ್ನು ಆಶ್ರಮಕ್ಕೆ ಸೇರಿಸಿ ಕೈತೊಳೆದುಕೊಳ್ಳುತ್ತಾರಂತಲ್ಲಮ್ಮಾ, ನಿಜವಾ?’ ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ, ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ 2011ರಿಂದ ರಾತ್ರಿ ಪಾಳಿಯ ನರ್ಸ್ ಆಗಿರುವ ನಾನು ಇದಕ್ಕೆ ಹೌದು ಎನ್ನಲಾರೆ, ಅಲ್ಲ ಎಂದೂ ಎನ್ನಲಾರೆ. ಅದರ ಬದಲು ಅತ್ತೆಗೆ ಒಬ್ಬ ಅಜ್ಜಿಯ ವಿಷಯ ಹೇಳಬೇಕೆಂದು ಎಷ್ಟೋ ದಿನದಿಂದ ಅಂದುಕೊಳ್ಳುತ್ತಿದ್ದೇನೆ.

2013ರಲ್ಲಿ ನಮ್ಮಲ್ಲಿಗೆ ಬಂದಾಗ ಅವರಿಗೆ ತೊಂಬತ್ತನಾಲ್ಕು ವರ್ಷ. ಮೊದಲ ದಿನವೇ ನಾನು ಹಾಸಿದ ಹಾಸಿಗೆಯನ್ನು ದಿಟ್ಟಿಸಿ ನೋಡಿ, ಊರುಗೋಲನ್ನು ಗೋಡೆಗೆ ಒರಗಿಸಿ, ಕಾಲ ಬದಿಯ ದುಪ್ಪಟಿಯ ಮೂಲೆಯನ್ನು ಬಿಚ್ಚಿದರು. ಅಂಚನ್ನು ಎತ್ತಿ ಹಾಸಿಗೆಯ ಮೇಲೆ ತ್ರಿಕೋನವಾಗಿ ಮಡಚಿ, ಕೆಳಗೆ ಜೋತ ಭಾಗವನ್ನು ಒಳಕ್ಕೆ ಸಿಕ್ಕಿಸಿ, ತ್ರಿಕೋನವನ್ನು ಇಳಿಬಿಟ್ಟು ಅಂಗೈಯಿಂದ ನೀವಿದರು. ಕೋಲಾರದಲ್ಲಿ ನಾನು ನರ್ಸಿಂಗ್ ಓದುವಾಗ ನಮ್ಮ ಸಿಸ್ಟರ್ ದಿನಕ್ಕೆ ಹತ್ತು ಸಲ ಬಿಚ್ಚಿಸಿ ಮಾಡಿಸುತ್ತಿದ್ದುದು ಇದೇ ಮಡಿಕೆ. ‘ನೀವೂ ನರ್ಸಾ?’ ಎಂದೆ. ‘ಸೈನ್ಯದಲ್ಲಿದ್ದೆ’ ಎಂದಷ್ಟೇ ಹೇಳಿದರು.

ಉಳಿದದ್ದು ರಾತ್ರಿಗಳಲ್ಲಿ ತುಣುಕು ತುಣುಕಾಗಿ ಬಂದಿತು. ರಾಣಿ ಅಲೆಕ್ಸಾಂಡ್ರಾಳ ಹೆಸರಿನ, ಎಲ್ಲರೂ ‘ಕ್ಯೂ.ಎ.’ ಎನ್ನುವ ಬ್ರಿಟಿಷ್ ಸೇನಾ ನರ್ಸಿಂಗ್ ಪಡೆಯಲ್ಲಿ ಅವರಿದ್ದರು. ಎರಡನೇ ಮಹಾಯುದ್ಧದಲ್ಲಿ, 1944ರ ಜೂನ್ 6ರಂದು ಮಿತ್ರಸೇನೆ ಫ್ರಾನ್ಸಿನ ನಾರ್ಮಂಡಿ ದಡಕ್ಕೆ ಇಳಿದ ಮೇಲೆ, ಆ ಬೇಸಿಗೆಯಲ್ಲೇ ಇವರ ತಂಡವನ್ನು ಬಾಯೋ ಪಟ್ಟಣದ ಸುತ್ತಲಿನ ಹೊಲಗಳಲ್ಲಿ ಎದ್ದಿದ್ದ ಡೇರೆ ಆಸ್ಪತ್ರೆಗಳಿಗೆ ಕಳುಹಿಸಿದರು. ಪಡೆಯ ಬೂದುಬಣ್ಣದ ಉಡುಪು ಮತ್ತು ಕಡುಗೆಂಪು ಮೇಲುಹೊದಿಕೆ ಪೆಟ್ಟಿಗೆ ಸೇರಿ, ಸೈನಿಕರಂತೆ ಖಾಕಿ ಷರಾಯಿ ತೊಟ್ಟು ಕೆಸರಿನಲ್ಲಿ ಓಡಾಡಬೇಕಾಯಿತು. ಪೆನಿಸಿಲಿನ್ ಆಗಿನ್ನೂ ಹೊಸದು. ಅದು ಮೂತ್ರದಲ್ಲಿ ಬೇಗನೆ ಹೊರಟುಹೋಗುತ್ತಿದ್ದುದರಿಂದ ಮೂರು ಗಂಟೆಗೊಮ್ಮೆ, ಹಗಲೂ ರಾತ್ರಿ, ಪ್ರತಿ ಗಾಯಾಳುವಿಗೂ ಚುಚ್ಚಬೇಕಿತ್ತು. ಗಾಜಿನ ಸಿರಿಂಜುಗಳನ್ನು ಕುದಿಸಿ, ಲಾಂದ್ರ ಹಿಡಿದು ಸಾಲಿನ ಕೊನೆಯ ಹಾಸಿಗೆ ಮುಟ್ಟುವಷ್ಟರಲ್ಲಿ ಮೊದಲಿನವನಿಗೆ ಮತ್ತೆ ಹೊತ್ತಾಗಿರುತ್ತಿತ್ತಂತೆ. ಆ ಸಾಲಿನಲ್ಲಿ ಸೆರೆಸಿಕ್ಕ ಜರ್ಮನ್ ಹುಡುಗರೂ ಇದ್ದರು. ‘ಸೂಜಿಗೆ ಯಾರಾದರೇನು, ಎಲ್ಲರೂ ಅಮ್ಮನನ್ನೇ ಕೂಗುತ್ತಿದ್ದರು’ ಎಂದು ಒಮ್ಮೆ ಹೇಳಿ, ಮುಖ ಆ ಕಡೆ ತಿರುಗಿಸಿದರು.

ಅದೇ ವರ್ಷ ಇಂಫಾಲ ಮತ್ತು ಕೊಹಿಮಾದಲ್ಲಿ ಭಾರತೀಯ ಸೈನಿಕರು ಜಪಾನಿನ ಸೇನೆಯನ್ನು ತಡೆದು ನಿಂತಿದ್ದರು. ಭಾರತದ ಮಿಲಿಟರಿ ನರ್ಸಿಂಗ್ ಸೇವೆಗೆ 1943ರ ಸುಗ್ರೀವಾಜ್ಞೆಯಿಂದ ಪ್ರತ್ಯೇಕ ಅಸ್ತಿತ್ವ ಬಂದು ಆಗಿನ್ನೂ ವರ್ಷವೂ ತುಂಬಿರಲಿಲ್ಲ. ಆ ನಮ್ಮ ನರ್ಸ್‌ಗಳ ಮಾತನ್ನೂ ಯಾರಾದರೂ ಹೀಗೆ ಪಕ್ಕದಲ್ಲಿ ಕುಳಿತು ಕೇಳಿಸಿಕೊಂಡಿದ್ದರೆ ಎಂಬ ಕೊರಗು ನನಗಿದೆ.

ಯುದ್ಧ ಮುಗಿದು, ಮದುವೆಯಾಗಿ, ಮಕ್ಕಳಾಗಿ, ಮೊಮ್ಮಕ್ಕಳಾದರೂ ಮೂರು ಗಂಟೆಯ ಆ ಎಚ್ಚರ ಅವರನ್ನು ಬಿಡಲಿಲ್ಲ. ಅದರಿಂದ ಬದುಕಿದವಳು ನಾನು ಎನ್ನುತ್ತಾಳೆ ಅವರ ಮೊಮ್ಮಗಳು. ಚಿಕ್ಕಂದಿನಲ್ಲಿ ಆಕೆಗೆ ಉಬ್ಬಸ. ರಾತ್ರಿ ಕಣ್ಣು ಬಿಟ್ಟಾಗಲೆಲ್ಲ ಅಜ್ಜಿ ಒಂದು ಕೈಯಲ್ಲಿ ಮೊಮ್ಮಗಳ ಮಣಿಕಟ್ಟು ಹಿಡಿದು, ಎದೆಗೆ ತಲೆಕೆಳಗಾಗಿ ಸಿಕ್ಕಿಸಿಕೊಂಡ ನರ್ಸಿನ ಗಡಿಯಾರವನ್ನು ನೋಡುತ್ತಾ ಕುಳಿತಿರುತ್ತಿದ್ದರಂತೆ. ಇದನ್ನು ಕೇಳಿದಾಗ ನನಗೆ ಮಾಲೂರಿನ ನಮ್ಮಜ್ಜಿಯ ನೆನಪಾಯಿತು. ನಮಗೆ ಜ್ವರ ಬಂದರೆ ನೆತ್ತಿಗೆ ಹರಳೆಣ್ಣೆ ತಟ್ಟಿ, ಕೋಳಿ ಕೂಗುವವರೆಗೂ ತಲೆದೆಸೆಯಲ್ಲಿ ಕೂರುತ್ತಿದ್ದ ಅವಳಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಸೊಂಟದ ಮೂಳೆ ಮುರಿದಾಗ ಅವರನ್ನು ಮನೆಗೇ ಕರೆದೊಯ್ಯಲು ಮೊಮ್ಮಗಳು ಹಟ ಹಿಡಿದಿದ್ದಳು. ಅವಳ ಮಡಿಲಲ್ಲಿ ಆಗ ಹಸುಗೂಸು. ‘ರಾತ್ರಿ ಏಳುವವರು ಮನೆಗೆ ಒಬ್ಬರು ಸಾಕು’ ಎಂದು ಹೇಳಿ, ಕಾಗದಗಳಿಗೆ ತಾವೇ ಸಹಿ ಮಾಡಿ ನಮ್ಮಲ್ಲಿಗೆ ಬಂದರು. ಬುಧವಾರವೂ ಭಾನುವಾರವೂ ಮೊಮ್ಮಗಳು ಕೂಸನ್ನು ಎತ್ತಿಕೊಂಡು ಬರುತ್ತಿದ್ದಳು. ಎರಡು ವರ್ಷದಲ್ಲಿ ತಪ್ಪಿಸಿದ್ದು ನಾನಂತೂ ಕಾಣೆ. ಅತ್ತೆ ಕೇಳುವ ‘ಕೈತೊಳೆದುಕೊಂಡವರು’ ಇಲ್ಲಿಯೂ ಇದ್ದಾರೆ, ಆದರೆ ಈ ಅಜ್ಜಿಯನ್ನು ಯಾರೂ ತಳ್ಳಿರಲಿಲ್ಲ.

ಕೊನೆಯ ಚಳಿಗಾಲದಲ್ಲಿ ಅವರಿಗೆ ಮರೆವು ಹೆಚ್ಚಾಯಿತು. ಒಂದು ರಾತ್ರಿ ನಾನು ಕೋಣೆಯ ಬಾಗಿಲು ಸರಿಸಿದಾಗ ಎದ್ದು ಕುಳಿತಿದ್ದರು. ‘ಹನ್ನೊಂದನೇ ಹಾಸಿಗೆಯ ಹುಡುಗನಿಗೆ ಕೊಟ್ಟಾಯಿತೇ?’ ಎಂದು ಕೇಳಿದರು. ‘ಕೊಟ್ಟಾಯಿತು ಸಿಸ್ಟರ್, ಜ್ವರ ಇಳಿದಿದೆ, ಮಲಗಿದ್ದಾನೆ’ ಎಂದೆ. ಅವರು ದುಪ್ಪಟಿಯ ಮೂಲೆಯನ್ನು ಒಮ್ಮೆ ಮುಟ್ಟಿ ನೋಡಿ ದಿಂಬಿಗೆ ಒರಗಿದರು. ನಾನು ಹೊರಗೆ ಬಂದು ಪಟ್ಟಿಯಲ್ಲಿ ಬರೆದೆ: ಮೂರು ಗಂಟೆ, ಎಚ್ಚರವಿದ್ದರು, ನೀರು ಕುಡಿದರು, ಮತ್ತೆ ನಿದ್ದೆ ಹೋದರು.